ಮೂಗು ಕಾಯುವ ತನಕ

ಆ ವರ್ಷ ಸಾಯಿಸುವ ಬಿಸಿಲು ಹದಿನೆಂಟು ದಿನ ಮೊದಲೇ ಬಂತು. ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು. ಕರಿಗುಡ್ಡದಲ್ಲಿ ಆಗಲೇ ನಲವತ್ತೊಂಬತ್ತು ಡಿಗ್ರಿ. ನಳದ ನೀರಿಗೆ ಕೈ ಒಡ್ಡುವ ಹಾಗಿರಲಿಲ್ಲ. ಬೇವಿನ ಮರದಲ್ಲಿ ಬಾಯಿ ತೆರೆದು ಕೂತ ಕಾಗೆಗಳು ಸಂಜೆ ಹೊತ್ತಿಗೆ ಒಂದೊಂದಾಗಿ ಕೆಳಗೆ ಬಿದ್ದಿರುತ್ತಿದ್ದವು.

ಇಂಥ ಬಿಸಿಲಿನಿಂದ ಪಾರಾಗಲು ಕರಿಗುಡ್ಡದವರು ಒಂಬತ್ತು ವರ್ಷದಿಂದ ಬೇಸಿಗೆಯನ್ನು ನೆಲದಡಿಯಲ್ಲಿ ಕಳೆಯುತ್ತಿದ್ದರು. ಊರ ಹಿಂದೆ ಪಾಳುಬಿದ್ದಿದ್ದ ಹಳೇ ಗಣಿಯ ಆರು ಸುರಂಗಗಳನ್ನು ತಂಪುಗವಿ ಮಂಡಳಿ ಎಂಬ ಸರ್ಕಾರಿ ಮಂಡಳಿಯೊಂದು ಸ್ವಚ್ಛ ಮಾಡಿಸಿ, ಸುಣ್ಣ ಬಳಿಸಿ, ದೀಪ ಹಾಕಿಸಿತ್ತು. ಹೊರಗೆ ಬೆಂಕಿ ಸುರಿಯುವಾಗಲೂ ಒಳಗೆ ಇಪ್ಪತ್ತೆಂಟು ಡಿಗ್ರಿ ದಾಟುತ್ತಿರಲಿಲ್ಲ. ನಾಲ್ಕು ಸಾವಿರ ಜನ ಚಾಪೆ, ಒಲೆ, ಹಿಟ್ಟು, ಕೋಳಿ ಸಮೇತ ಇಳಿದು, ಮೂರು ತಿಂಗಳು ಅಲ್ಲೇ ಸಂಸಾರ ಹೂಡುತ್ತಿದ್ದರು. ಮದುವೆಗಳೂ ಅಲ್ಲೇ ಆಗುತ್ತಿದ್ದವು, ಹೆರಿಗೆಗಳೂ ಅಲ್ಲೇ.

ಆದರೆ ಗಣಿ ಅಂದರೆ ಗಣಿಯೇ. ತಳದ ಗುಂಡಿಗಳಲ್ಲಿ ಎಂಬತ್ತು ವರ್ಷದಿಂದ ಕೊಳೆತು ನಿಂತ ನೀರಿತ್ತು. ಆ ನೀರು ಒಮ್ಮೊಮ್ಮೆ ಉಸಿರು ಬಿಡುತ್ತಿತ್ತು. ಸ್ವಲ್ಪ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಬಿಟ್ಟರೆ ವಾಸನೆಯೇ ಇಲ್ಲ, ಯಾಕೆಂದರೆ ಆ ಗ್ಯಾಸು ಮೊದಲು ಕೊಲ್ಲುವುದು ಮೂಗನ್ನು, ಆಮೇಲೆ ಮನುಷ್ಯನನ್ನು. ಅದಕ್ಕೇ ಸುರಂಗದ ಗೋಡೆಗಳಲ್ಲಿ, ಮಲಗಿದವರ ತಲೆಯ ಎತ್ತರಕ್ಕೆ, ಇನ್ನೂರ ಹನ್ನೆರಡು ಗ್ಯಾಸ್ ಡಿಟೆಕ್ಟರುಗಳನ್ನು ಕೂರಿಸಿದ್ದರು. ಜನ ಅವನ್ನು ಮೂಗು ಎಂದೇ ಕರೆಯುತ್ತಿದ್ದರು. ಆ ಮೂಗುಗಳನ್ನು ನೋಡಿಕೊಳ್ಳುವವಳು ಹುಲಿಗೆಮ್ಮ.

ಹುಲಿಗೆಮ್ಮನಿಗೆ ಐವತ್ತೊಂದು ವರ್ಷ. ಐಟಿಐ ಓದಿ ಮಂಡಳಿಗೆ ಸೇರಿದವಳು. ಅವಳು ಹೆಚ್ಚು ಮಾತಾಡುವವಳಲ್ಲ, ಆಡಿದರೆ ಎದುರಿಗಿದ್ದವರು ಮತ್ತೆ ಕೇಳುವ ಹಾಗಿರಲಿಲ್ಲ. ಅವಳ ಗಂಡ ಮೌನೇಶನೂ ಅಲ್ಲೇ ಕೆಲಸಕ್ಕಿದ್ದ. ಎಂಟು ವರ್ಷದ ಹಿಂದೆ, ಗವಿ ತೆರೆದ ಎರಡನೇ ಬೇಸಿಗೆಯಲ್ಲಿ, ಆಗಿನ ಅಧಿಕಾರಿ ಬೆಳಿಗ್ಗೆ ಮೂಗುಗಳಿಗೆ ಕರೆಂಟು ಕೊಟ್ಟು, ಅವು ಕಾದು ಬಿಸಿಯಾಗುವ ಮೊದಲೇ, ಸುರಂಗದಲ್ಲಿದ್ದ ಗಾಳಿಯಲ್ಲೇ ಸೊನ್ನೆಗೆ ಹೊಂದಿಸಿ, ಮಧ್ಯಾಹ್ನಕ್ಕೆ ಜನರನ್ನು ಇಳಿಸಿದ್ದ. ಅವತ್ತು ಎರಡನೇ ಸುರಂಗದ ಗಾಳಿಯಲ್ಲಿ ಆಗಲೇ ವಿಷವಿತ್ತು. ಆ ವಿಷವನ್ನೇ ಮೂಗುಗಳು ಸೊನ್ನೆ ಎಂದು ಕಲಿತುಬಿಟ್ಟವು. ಮೂರನೇ ದಿನ ಗ್ಯಾಸು ಏರಿದಾಗಲೂ ಹಸಿರು ದೀಪ ಹಸಿರಾಗೇ ಉಳಿಯಿತು. ಹದಿಮೂರು ಜನ ಚಾಪೆಯಿಂದ ಏಳಲಿಲ್ಲ. ಅವರನ್ನು ಎಬ್ಬಿಸಲು ಓಡಿದ ಮೌನೇಶ ಹದಿನಾಲ್ಕನೆಯವನಾದ.

ಅದಾದ ಮೇಲೆ ನಿಯಮ ಬಂತು. ಕರೆಂಟು ಕೊಟ್ಟ ಮೇಲೆ ನಲವತ್ತೆಂಟು ಗಂಟೆ ಮೂಗುಗಳು ಕಾಯಬೇಕು. ಅಲ್ಲಿಯ ತನಕ ಒಬ್ಬರೂ ಇಳಿಯಕೂಡದು. ದೊಡ್ಡ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಮಂಡಳಿಯ ಮುಖ್ಯಾಧಿಕಾರಿಯ ಹತ್ತಿರ, ಇನ್ನೊಂದರದು ಹುಲಿಗೆಮ್ಮನ ಹತ್ತಿರ. ಆ ನಿಯಮದ ಕರಡನ್ನು ಅವಳೇ ಬರೆದಿದ್ದಳು, ಗಂಡನ ತಿಥಿ ಮುಗಿದ ವಾರದಲ್ಲಿ.

ಈ ಸಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಕರೆಂಟು ಕೊಟ್ಟಳು. ಅದಕ್ಕೆ ಮುಂಚೆ ಎರಡು ದಿನ ಬೆಂಕಿ ಆರಿಸುವವರ ಹಾಗೆ ಮುಖಕ್ಕೆ ಗಾಳಿಯ ಮುಸುಕು ಕಟ್ಟಿ, ಬೆನ್ನಿಗೆ ಸಿಲಿಂಡರು ಹೊತ್ತು, ಆರೂ ಸುರಂಗ ಸುತ್ತಿ, ಒಂದೊಂದು ಮೂಗಿನ ಜಾಲರಿಯ ದೂಳು ಒರೆಸಿದ್ದಳು, ವೈರಿನ ಬಿಗಿ ನೋಡಿದ್ದಳು. ಆಮೇಲೆ ಕಂಟ್ರೋಲ್ ರೂಮಿನಲ್ಲಿ ಅಲಾರಾಮಿನ ಬಾಯಿ ಕಟ್ಟಿ ಕೆಂಪು ಚೀಟಿ ಅಂಟಿಸಿದಳು. ಮೂಗಿನೊಳಗೆ ಉಗುರಗಲದ ಒಂದು ಬಿಲ್ಲೆ, ಅದರ ಬೆನ್ನಿಗೆ ಕೂದಲೆಳೆಯಂಥ ತಂತಿ. ಮಳೆಗಾಲದಲ್ಲಿ ಕುಡಿದ ತೇವವೆಲ್ಲ ಆ ತಂತಿಯ ಬಿಸಿಗೆ ಆರಬೇಕು. ಆರುವ ತನಕ ಅದು ಹುಚ್ಚು ಹಿಡಿದಂತೆ ಏರುತ್ತದೆ, ಇಳಿಯುತ್ತದೆ. ಇಲ್ಲದ ಗ್ಯಾಸು ತೋರಿಸುತ್ತದೆ, ಇರುವುದನ್ನು ತೋರಿಸುವುದಿಲ್ಲ. ಹಾಗಾಗಿ ಆ ನಲವತ್ತೆಂಟು ಗಂಟೆ ಪರದೆಯ ಮೇಲೆ ಒಂದೇ ಸಮನೆ ಗೆರೆ ಬರುವಂತೆ ಹಿಡಿದಿಡುತ್ತಾರೆ. ಗೊತ್ತಿಲ್ಲದವರು ಆ ಗೆರೆ ನೋಡಿ ಒಳಗೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಗೊತ್ತಿದ್ದವರಿಗೆ ಅದು ಕುರುಡು ಎಂಬುದಷ್ಟೇ ಗೊತ್ತು.

ಮಳೆಗಾಲದಲ್ಲೂ ಮೂಗುಗಳಿಗೆ ಕರೆಂಟು ತೆಗೆಯಬೇಡಿ, ಆಗ ಕಾಯಿಸುವ ಗೋಜೇ ಇರುವುದಿಲ್ಲ ಎಂದು ಅವಳು ಮೂರು ಸಲ ಪತ್ರ ಬರೆದಿದ್ದಳು. ಮೂರೂ ಸಲ ಮುಖ್ಯಾಧಿಕಾರಿ ಅಮರೇಗೌಡರು, 'ಖಾಲಿ ಗವಿಗೆ ಕರೆಂಟಿನ ಅಗತ್ಯ ಕಂಡುಬರುವುದಿಲ್ಲ' ಎಂದು ಬರೆದು ಸಹಿ ಹಾಕಿದ್ದರು.

ಮಂಗಳವಾರ ಬೆಳಿಗ್ಗೆ ಎಂಟರ ಹೊತ್ತಿಗೆ ದೊಡ್ಡ ಬಾಗಿಲ ಮುಂದೆ ಸಾವಿರದಷ್ಟು ಜನ ಸೇರಿದ್ದರು. ತಗಡಿನ ಚಪ್ಪರದ ಕೆಳಗೆ ನೀರು ತುಂತುರಿಸುವ ಎಂಟು ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ಹತ್ತಕ್ಕೆ ಜನ ಎರಡು ಸಾವಿರ ದಾಟಿದರು. ಮನೆಗಳಲ್ಲಿ ಗೋಡೆ ಮುಟ್ಟುವ ಹಾಗಿರಲಿಲ್ಲ, ಎಲ್ಲಿ ಹೋಗುತ್ತಾರೆ?

ಕಂಟ್ರೋಲ್ ರೂಮಿನಲ್ಲಿ ಹುಲಿಗೆಮ್ಮನ ಜೊತೆಗಿದ್ದವನು ಖಾಜಾಸಾಬ. ಒಂಬತ್ತು ವರ್ಷದಿಂದ ಪ್ಯಾನೆಲ್ಲಿನ ಮುಂದೆ ಕೂತು ತಲೆ ಬೋಳಾದವನು. ಫೋನು ಅವನೇ ಎತ್ತಿದ.

"ಅಕ್ಕಾ, ಗೌಡ್ರು."

ಅಮರೇಗೌಡರು ಜಿಲ್ಲೆಯಲ್ಲಿದ್ದರು. "ಹುಲಿಗೆಮ್ಮ, ಇಪ್ಪತ್ನಾಲ್ಕು ಗಂಟಿ ಆತಲ್ಲ. ನನ್ನ ಕೀಲಿ ಡ್ರೈವರ್ ಕೈಯಾಗ ಕಳಿಸೀನಿ. ಒಂದನೇ ಸುರಂಗ ಒಂದಾದ್ರೂ ತೆಗಿ."

"ಇನ್ನೂ ಕಾದಿಲ್ರಿ ಸಾಹೇಬ್ರ. ನಾಳೆ ಹತ್ತಕ್ಕ."

"ಕೈಮಾಪಕ ತಗೊಂಡು ಒಂದು ಸುತ್ತು ಹೋಗಿ ಬಾ. ಗ್ಯಾಸ್ ಇಲ್ಲ ಅಂದ್ರ ತೆಗದ್ರಾತು."

"ನಾ ಹೋದಾಗ ಇರಂಗಿಲ್ರಿ. ನಾ ಬಂದಮ್ಯಾಲ ನೀರು ಉಸುರು ಬಿಟ್ರ? ಎರಡು ಕೈಮಾಪಕ ಅದಾವು, ಆರು ಸುರಂಗ. ಎರಡು ಸಾವಿರ ಮಂದಿ ಮಲಗಿರ್ತಾರ."

"ಹೊರಗ ಯಾರರೆ ಸತ್ರ ನಿನ್ನ ಹೆಸರಿಗೆ ಬರೀತೀನಿ, ನೋಡಮ್ಮ."

"ಬರೀರಿ," ಅಂದಳು ಹುಲಿಗೆಮ್ಮ. ಫೋನು ಇಟ್ಟಳು.

ಹನ್ನೆರಡಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅವಳು ಮನೆಗೆ ಹೋದಳು. ಮಂಡಳಿಯ ಕಾಲೋನಿ ಅಲ್ಲೇ, ಎರಡು ಫರ್ಲಾಂಗು. ಮನೆಯ ಕಿಟಕಿಗಳಿಗೆಲ್ಲ ಹಸಿ ಗೋಣಿಚೀಲ ಕಟ್ಟಿತ್ತು. ನೀರು ಹಾಕಿದಷ್ಟೂ ಹಬೆಯಾಡಿ ಒಣಗುತ್ತಿತ್ತು. ಅತ್ತೆ ಯಂಕಮ್ಮ ಬರಿ ನೆಲದ ಮೇಲೆ ಕಾಲು ಚಾಚಿ ಮಲಗಿದ್ದಳು. ಎಪ್ಪತ್ತೆಂಟರ ಮುದುಕಿ, ಮುಖ ಕೆಂಡದಂತೆ ಕೆಂಪಾಗಿ, ಬೆವರು ನಿಂತುಹೋಗಿತ್ತು. ಮಗಳು ಸುನಂದಾ ಒದ್ದೆ ಟವೆಲ್ಲಿನಿಂದ ಅಜ್ಜಿಯ ಕುತ್ತಿಗೆ ಒರೆಸುತ್ತಿದ್ದಳು. ಸುನಂದಾಳ ಗಂಡ ಲಾರಿ ಓಡಿಸಲು ಹೊರರಾಜ್ಯಕ್ಕೆ ಹೋದವನು ತಿಂಗಳಿಗೊಮ್ಮೆ ಬರುತ್ತಿದ್ದ. ಮೂರು ವರ್ಷದ ಮಗು ಮಿನ್ನಿ ಬಕೀಟಿನ ನೀರಲ್ಲಿ ಕೂತು ಅಳುತ್ತಿತ್ತು.

"ಅವ್ವ, ಅಜ್ಜಿಗೆ ಬೆವರ ಬರವಲ್ದು," ಅಂದಳು ಸುನಂದಾ. "ಬೆಳಿಗ್ಗಿನಿಂದ ಮೂತ್ರಾ ಇಲ್ಲ. ಸ್ಟಾಫ್ ಬಾಗಿಲದಾಗಿಂದ ಒಳಗ ಕರ್ಕೊಂಡು ಹೋಗು. ಬಾಗಿಲ ಬಾಯಿಗೆ ಕುಂದ್ರಿಸಿದ್ರೂ ಸಾಕು."

"ಆಗಂಗಿಲ್ಲ."

"ಯಾರಿಗೂ ಗೊತ್ತಾಗಂಗಿಲ್ಲವ್ವ."

"ಗ್ಯಾಸಿಗೆ ಗೊತ್ತಾಗತೈತಿ."

ಸುನಂದಾ ಟವೆಲ್ಲು ಬಕೀಟಿಗೆ ಎಸೆದಳು. "ನಿನ್ನ ಬಾಯಾಗ ಬ್ಯಾರೆ ಮಾತಾ ಇಲ್ಲೇನು? ಅಪ್ಪ ಸತ್ತು ಎಂಟು ವರ್ಷ ಆತು. ಎಂಟು ವರ್ಷದಿಂದ ಅದಾ ಗ್ಯಾಸು, ಅದಾ ಮೂಗು. ಇಕಿ ಇಲ್ಲೆ ಕಣ್ಣ ಮುಂದ ಸುಡಾಕತ್ಯಾಳ."

ಯಂಕಮ್ಮ ಕಣ್ಣು ತೆರೆಯದೆ ಕೈ ಅಲ್ಲಾಡಿಸಿದಳು. "ಬಿಡ, ಸುನಂದಾ. ನನ್ನ ಮಗನ್ನ ನುಂಗಿದ್ದು ಅದು. ಹುಲಿಗೀಗೆ ಗೊತ್ತು. ಆಕಿ ಅಂದಾಗ ಹೋಗೂಣು."

ಹುಲಿಗೆಮ್ಮ ಅತ್ತೆಯ ತಲೆ ಎತ್ತಿ ಉಪ್ಪು ಸಕ್ಕರೆ ನೀರು ಕುಡಿಸಿದಳು. ಅರ್ಧ ಕಟಬಾಯಿಂದ ಇಳಿಯಿತು. ಗವಿಯ ಬಾಗಿಲ ಹತ್ತಿರ ಫ್ಯಾನು ಇವೆ, ಡಾಕ್ಟರು ಇದ್ದಾರೆ, ಅಲ್ಲಿಗೆ ಆಟೋದಲ್ಲಿ ಕರೆದುಕೊಂಡು ಬಾ ಎಂದು ಮಗಳಿಗೆ ಹೇಳಿ ಅವಳು ಎದ್ದಳು. ಹಾಗೆ ಹೇಳಿದವಳು ಅವಳೇ. ಮುಂದೆ ಎಷ್ಟೋ ಸಲ ಅವಳಿಗೆ ಅದು ನೆನಪಾಯಿತು.

ಒಂದೂವರೆಗೆ ಸುನಂದಾ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಅಜ್ಜಿಯನ್ನು ಆಟೋದವನ ಸಹಾಯದಿಂದ ಹೊತ್ತು ತಂದು ಚಪ್ಪರದ ಕೆಳಗೆ, ಮೂರನೇ ಫ್ಯಾನಿನ ಎದುರಿಗೆ ಮಲಗಿಸಿದಳು. ತುಂತುರು ಮುಖಕ್ಕೆ ಬಿದ್ದ ಮೇಲೆ ಯಂಕಮ್ಮ ಕಣ್ಣು ತೆರೆದು, "ಹಾ, ಈಗ ಪಾಡಾತು," ಅಂದಳಂತೆ. ಮಿನ್ನಿಯೂ ಅಳು ನಿಲ್ಲಿಸಿ ತುಂತುರಿಗೆ ನಾಲಿಗೆ ಚಾಚತೊಡಗಿತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ಕಂಟ್ರೋಲ್ ರೂಮಿನ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಹತ್ತಿದವು, ಬ್ಯಾಟರಿ ಹಿಡಿದುಕೊಂಡಿತ್ತು. ಪರದೆಯ ಮೇಲೆ ಗೆರೆಗಳು ಹಾಗೇ ಇದ್ದವು. ಆದರೆ ಹೊರಗಿನ ಫ್ಯಾನುಗಳ ಸದ್ದು ನಿಧಾನವಾಗಿ ಇಳಿದು ನಿಂತಿತು. ಆಮೇಲೆ ಜನರ ಸದ್ದು ಕೇಳಿಸಿತು. ಅದು ಕೂಗಲ್ಲ, ದೊಡ್ಡದೊಂದು ನರಳಿಕೆ.

ಖಾಜಾಸಾಬ ಸಬ್‌ಸ್ಟೇಷನ್ನಿಗೆ ಫೋನು ಹಚ್ಚಿದ. "ಟ್ರಾನ್ಸ್‌ಫಾರ್ಮರ್ ಕಾದು ಬಿದ್ದೈತಂತಕ್ಕ. ಯಾವಾಗ ಬರತೈತಿ ಹೇಳಾಕಾಗಂಗಿಲ್ಲ ಅಂತಾರ. ಅರ್ಧ ತಾಸಾಗಬಹುದು, ನಾಳಿಗಾಗಬಹುದು."

ಅಷ್ಟರಲ್ಲಿ ಬಾಗಿಲು ನೂಕಿಕೊಂಡು ಡಾಕ್ಟರ್ ಪ್ರಫುಲ್ಲಾ ಬಂದರು. ದಾವಣಗೆರೆ ಕಡೆಯವರು, ಈ ಬೇಸಿಗೆಗೆಂದು ಎರವಲು ಬಂದಿದ್ದ ಸರ್ಕಾರಿ ವೈದ್ಯೆ. ಬಿಳಿ ಕೋಟು ಬೆವರಿಗೆ ಮೈಗೆ ಅಂಟಿತ್ತು.

"ಹುಲಿಗೆಮ್ಮ ಅವರೇ, ನಿಮ್ಮ ಬ್ಯಾಟರಿಯಿಂದ ಫ್ಯಾನು ಓಡಿಸಬಹುದಾ?"

"ಓಡಿಸಬಹುದ್ರಿ."

"ಹಾಗಾದ್ರೆ ಓಡಿಸಿ! ನನ್ನ ಹತ್ರ ಮೂವತ್ತು ಜನ ಮಲಗಿದ್ದಾರೆ. ಅವರ ಮೈಯೊಳಗಿನ ಬಿಸಿ ನಲವತ್ತೊಂದು. ಆ ತುಂತುರೇ ಅವರನ್ನು ಇಲ್ಲೀ ತನಕ ಉಳಿಸಿರೋದು."

ಹುಲಿಗೆಮ್ಮ ಗೋಡೆಯ ಬ್ಯಾಟರಿ ಮೀಟರಿನ ಕಡೆ ಕೈ ತೋರಿಸಿದಳು. "ಮೂಗಿಗಷ್ಟಾ ಆದ್ರ ಒಂಬತ್ತು ತಾಸು ಬರತೈತ್ರಿ. ಫ್ಯಾನೂ ಹಚ್ಚಿದ್ರ ಐವತ್ತು ನಿಮಿಷ. ಆಮ್ಯಾಲ ಎರಡೂ ನಿಂದ್ರತಾವು."

"ಐವತ್ತು ನಿಮಿಷದಲ್ಲಿ ಕರೆಂಟು ಬಂದರೆ?"

"ಬರಲಿಲ್ಲಂದ್ರ? ಮೂಗು ಆರಿ ಹೋಗತಾವ್ರಿ. ಮತ್ತ ಮೊದಲಿಂದ ನಲವತ್ತೆಂಟು ತಾಸು. ಗುರುವಾರ ತನಕ ಬಾಗಿಲಾ ತೆಗಿಯಾಂಗಿಲ್ಲ. ಈಗ ಮೂವತ್ತು ಮಂದಿ ಅದಾರ. ಗುರುವಾರ ತನಕ ಎಷ್ಟು ಮಂದಿ ಇರ್ತಾರ, ನೀವಾ ಹೇಳ್ರಿ."

ಡಾಕ್ಟರು ಮೀಟರು ನೋಡಿದರು. ಲೆಕ್ಕ ಅವರಿಗೂ ಅರ್ಥವಾಗುತ್ತಿತ್ತು. "ನಿಮ್ಮ ಅತ್ತೆ ಅಲ್ಲಿದ್ದಾರೆ, ಗೊತ್ತಾ?" ಅಂದರು.

"ಗೊತ್ತೈತ್ರಿ. ನಾನಾ ಕರ್ಕೊಂಡು ಬಾ ಅಂದಿದ್ದು."

ಖಾಜಾಸಾಬ ಕುರ್ಚಿಯಿಂದ ಅರ್ಧ ಎದ್ದಿದ್ದ. ಫ್ಯಾನಿನ ಸ್ವಿಚ್ಚು ಅವನ ಎಡಗೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. "ಅಕ್ಕಾ, ಹತ್ತು ನಿಮಿಷ ಹಚ್ಚಿ ನೋಡೂಣು?"

"ಕುಂದರು, ಖಾಜಾ."

ಅವನು ಕೂತ. ಡಾಕ್ಟರು ಓಡಿದರು. ಹುಲಿಗೆಮ್ಮ ಪ್ಯಾನೆಲ್ಲಿನ ಮುಂದೆ ನಿಂತೇ ಇದ್ದಳು. ಹೊರಗೆ ಬಾಗಿಲಿಗೆ ಕಲ್ಲು ಬೀಳತೊಡಗಿದವು. ಯಾರೋ ಗಂಡಸು ಅವಳ ಹೆಸರು ಹಿಡಿದು ಕೂಗುತ್ತಿದ್ದ. "ಗಂಡನ್ನ ತಿಂದಾಕಿ! ಊರನ್ನಾ ತಿನ್ನಾಕಿ!" ಕಬ್ಬಿಣದ ಬಾಗಿಲಿಗೆ ಅಂಗೈ ಬಡಿದವರು ಕೈ ಸುಟ್ಟುಕೊಂಡು ಚೀರಿದರು. ಆಮೇಲೆ ಕಲ್ಲು ನಿಂತವು. ಕಲ್ಲು ಎಸೆಯುವಷ್ಟು ತ್ರಾಣವೂ ಅವರಲ್ಲಿ ಉಳಿದಿರಲಿಲ್ಲ.

ಎರಡು ನಲವತ್ತಕ್ಕೆ ಅವಳ ಮೊಬೈಲು ಬಡಿದುಕೊಂಡಿತು. ಸುನಂದಾ.

"ಅವ್ವ, ಅಜ್ಜಿಗೆ ಫಿಟ್ಸ್ ಬರಾಕತ್ತೈತಿ. ಫ್ಯಾನ್ ಹಚ್ಚು."

"ನೀರು ಹಾಕವಾ ಮೈಮ್ಯಾಲ."

"ನೀರ ಕುದಿಯಾಕತ್ತೈತಿ! ಫ್ಯಾನ್ ಹಚ್ಚವ್ವ. ನಿನ್ನ ಕಾಲಿಗೆ ಬೀಳ್ತೀನಿ. ಬ್ಯಾಟರಿ ಐತಂತಲ್ಲ, ಡಾಕ್ಟ್ರು ಹೇಳಿದ್ರು. ಹಚ್ಚು."

ಹುಲಿಗೆಮ್ಮ ಸ್ವಿಚ್ಚಿಗೆ ಕೈ ಹಾಕಲಿಲ್ಲ. ಫೋನನ್ನು ಕಿವಿಯಿಂದ ತೆಗೆಯಲೂ ಇಲ್ಲ. ಮಗಳು ಮೊದಲು ಬೇಡಿದಳು, ಆಮೇಲೆ ಬೈದಳು, ಆಮೇಲೆ ಬರೀ "ಅಜ್ಜೀ, ಅಜ್ಜೀ" ಅನ್ನತೊಡಗಿದಳು. ಆಮೇಲೆ ಫೋನು ಎಲ್ಲೋ ನೆಲಕ್ಕೆ ಬಿದ್ದ ಸದ್ದು. ಅದರೊಳಗಿಂದ ಮಿನ್ನಿ ಕೆಮ್ಮುವುದು ಕೇಳುತ್ತಿತ್ತು.

ಎರಡು ಐವತ್ತೈದಕ್ಕೆ ಕರೆಂಟು ಬಂತು.

ಕತ್ತಲೆಗೆ ದೀಪ ಹತ್ತಿದ ಹಾಗೆ ಎಂಟೂ ಫ್ಯಾನು ಗರಗರ ತಿರುಗಿದವು. ಖಾಜಾಸಾಬ ಗಡಿಯಾರ ನೋಡಿದ, ಬ್ಯಾಟರಿ ಮೀಟರು ನೋಡಿದ, ಮತ್ತೆ ಗಡಿಯಾರ ನೋಡಿದ. ನಲವತ್ತೈದು ನಿಮಿಷ. ಫ್ಯಾನು ಹಚ್ಚಿದ್ದರೂ ಬ್ಯಾಟರಿಯಲ್ಲಿ ಐದು ನಿಮಿಷ ಉಳಿದಿರುತ್ತಿತ್ತು. ಅವನು ಎದ್ದು ಮೂಲೆಯ ಮಡಕೆಯಿಂದ ನೀರು ಕುಡಿದು, ಅವಳ ಕಡೆ ತಿರುಗದೆ ಬಂದು ಕೂತ.

ಆ ನಲವತ್ತೈದು ನಿಮಿಷದಲ್ಲಿ ಆರು ಜನ ಸತ್ತರು, ಸಂಜೆಯೊಳಗೆ ಇನ್ನೂ ಮೂವರು. ಯಂಕಮ್ಮ ಐದನೆಯವಳು. ಸತ್ತವರಲ್ಲಿ ಇನ್ನೊಬ್ಬಳು ಏಳು ತಿಂಗಳ ಬಸುರಿ. ಒಬ್ಬ ಅಂಚೆಯ ವೀರಭದ್ರಪ್ಪ, ಊರಿಗೆಲ್ಲ ಬೇಕಾದವನು. ಮಿನ್ನಿ ಉಳಿಯಿತು.

ಹುಲಿಗೆಮ್ಮ ಸಂಜೆ ಹೊರಗೆ ಬಂದಾಗ ಜನ ದಾರಿ ಬಿಟ್ಟರು. ಹೊಡೆಯುತ್ತಾರೆಂದು ಪೊಲೀಸರು ಕೋಲು ಹಿಡಿದು ನಿಂತಿದ್ದರು, ಯಾರೂ ಹೊಡೆಯಲಿಲ್ಲ. ಅತ್ತೆಯ ಮೇಲೆ ಹೊದಿಸಿದ್ದ ಬಿಳಿ ಬಟ್ಟೆ ಆಗಲೇ ಒಣಗಿ ಗರಿಗರಿಯಾಗಿತ್ತು. ಅವಳು ಬಗ್ಗಿ ಮುಖ ನೋಡಲು ಹೋದಾಗ ಸುನಂದಾ ಕೈ ಅಡ್ಡ ಹಾಕಿದಳು.

"ಮುಟ್ಟಬ್ಯಾಡ. ನಿನ್ನ ಮೂಗು ಹುಷಾರದಾವಲ್ಲ? ಹೋಗು, ಅವನ್ನ ನೋಡ್ಕೋ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ನಲವತ್ತೆಂಟು ಗಂಟೆ ತುಂಬಿತು. ಹುಲಿಗೆಮ್ಮ ಮುಸುಕು ಕಟ್ಟಿಕೊಂಡು ಇಬ್ಬರು ಕೆಲಸಗಾರರೊಂದಿಗೆ ಒಳಗಿಳಿದಳು. ಪ್ರತಿ ಮೂಗಿನ ಬಾಯಿಗೂ ಬಟ್ಟಲು ಕವಿಚಿ, ಸಿಲಿಂಡರಿನಿಂದ ಶುದ್ಧ ಗಾಳಿ ಬಿಟ್ಟು ಸೊನ್ನೆ ಕೂರಿಸಿದಳು. ಇನ್ನೊಂದು ಸಿಲಿಂಡರಿನಿಂದ ಅಳತೆಯ ಗ್ಯಾಸು ಬಿಟ್ಟು, ಅಂಕಿ ಸರಿಯಾಗಿ ಏರಿ ಇಳಿಯುವುದನ್ನು ನೋಡಿದಳು. ಹೀಗೆ ಇನ್ನೂರ ಹನ್ನೆರಡು. ಒಂದೂ ಸುಳ್ಳು ಹೇಳಲಿಲ್ಲ, ಒಂದೂ ಮಿಸುಕದೆ ಕೂರಲಿಲ್ಲ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕಾದ ಮೂಗುಗಳನ್ನು ಅವಳು ನೋಡಿರಲಿಲ್ಲ.

ಮೇಲೆ ಬಂದು ಕೆಂಪು ಚೀಟಿ ಕಿತ್ತು, ಅಲಾರಾಮಿನ ಬಾಯಿ ಬಿಚ್ಚಿ, ಹಿಡಿದಿಟ್ಟಿದ್ದ ಗೆರೆಗಳನ್ನು ಬಿಟ್ಟಳು. ಈಗ ಪರದೆಯ ಮೇಲೆ ಬರುವುದು ಸುರಂಗದ ನಿಜವಾದ ಗಾಳಿ.

ಒಂದನೇ ಸುರಂಗ, ಸೊನ್ನೆ. ಎರಡನೆಯದು, ಸೊನ್ನೆ. ಮೂರು, ನಾಲ್ಕು, ಐದು. ಆರನೇ ಸುರಂಗದ ಕೊನೆಯಲ್ಲಿ, ಕೊಳೆನೀರಿನ ಗುಂಡಿಗೆ ಹತ್ತಿರವಿದ್ದ ಮೂಗೂ ಸೊನ್ನೆ ಅಂದಿತು.

"ಹಾಲಿನಂಗೈತಿ ಗಾಳಿ," ಅಂದ ಖಾಜಾಸಾಬ.

ಹುಲಿಗೆಮ್ಮ ಗುಂಡಿಯ ಹತ್ತಿರದ ಮೂಗನ್ನು ಮತ್ತೆ ಪರೀಕ್ಷಿಸಬೇಕೆಂದು ಕೆಳಗಿಳಿದಳು. ಬಂದು ಪರದೆ ನೋಡಿದಳು. ಸೊನ್ನೆ. ಕಾಲು ಗಂಟೆ ಬಿಟ್ಟು ಮೂರನೇ ಸಲ ಇಳಿಯಲು ಸಿಲಿಂಡರು ಎತ್ತಿಕೊಂಡಳು.

"ಯಾಕಕ್ಕಾ, ಸರಿ ಐತಲ್ಲ?" ಖಾಜಾಸಾಬ ಅವಳ ಮುಖ ನೋಡಿದ. "ಏನ್ ಬೇಕಾಗಿತ್ತು ನಿನಗ?"

ಅವಳ ಕೈಯಿಂದ ಸಿಲಿಂಡರು ಜಾರಿ ನೆಲಕ್ಕೆ ಕೂತಿತು. ಅವಳು ಸೊಂಟದಿಂದ ಕೀಲಿ ಬಿಚ್ಚಿ ಅವನ ಮುಂದೆ ಇಟ್ಟಳು.

ಬಾಗಿಲು ತೆರೆಯಿತು. ಜನ ಒಬ್ಬರನ್ನೊಬ್ಬರು ನೂಕದೆ, ಸದ್ದಿಲ್ಲದೆ ಇಳಿದರು.

ವಿಚಾರಣೆ ಆಷಾಢದಲ್ಲಿ ನಡೆಯಿತು. ಮಂಡಳಿಯ ಮೂವರು ಮೇಜಿನ ಆಚೆ ಕೂತಿದ್ದರು, ಜೊತೆಗೆ ಅಮರೇಗೌಡರು.

"ನಿಮ್ಮ ಬ್ಯಾಟರಿ ಉಳಿಸಿದ್ದರಿಂದ ಆದ ಉಪಯೋಗ ಏನು?" ಎಂದು ನಡುವಿನವರು ಕೇಳಿದರು.

"ಕರೆಂಟು ಬರದಾ ಇದ್ದಿದ್ರ ಆಗ್ತಿತ್ರಿ."

"ಬಂತಲ್ಲ?"

"ಬಂತ್ರಿ."

"ಸುರಂಗದಲ್ಲಿ ಗ್ಯಾಸು ಇತ್ತೇ?"

"ಇರಲಿಲ್ರಿ."

"ಅಂದರೆ ಇಪ್ಪತ್ನಾಲ್ಕನೇ ಗಂಟೆಗೇ ತೆರೆದಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. ಒಂಬತ್ತೂ ಜನ ಬದುಕಿರುತ್ತಿದ್ದರು."

ಹುಲಿಗೆಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೇ ಇರಲಿಲ್ಲ ಎಂದು ಹೇಳಬೇಕೆಂದಿದ್ದಳು. ಆದರೆ ಹಿಂದಿನ ಬೆಂಚಿನಲ್ಲಿ ಬಸುರಿಯ ಗಂಡ ಕೂತಿದ್ದ. ಅವನ ಮುಂದೆ ಆ ಮಾತು ನೆವದಂತೆ ಕೇಳಿಸುತ್ತದೆ ಅನ್ನಿಸಿತು. "ಹೌದ್ರಿ," ಅಂದಳು.

ವರ್ಷವಿಡೀ ಕರೆಂಟು ಕೊಡಿ ಎಂದು ಬರೆದಿದ್ದ ಮೂರು ಪತ್ರಗಳನ್ನು ಯಾರೂ ಕೇಳಲಿಲ್ಲ. ಅವಳೂ ಎತ್ತಲಿಲ್ಲ. ತೀರ್ಪಿನಲ್ಲಿ ಎರಡು ಸಾಲಿದ್ದವು: ನಿಯಮದಂತೆ ನಡೆದುಕೊಂಡಿದ್ದಾರೆ, ವಿವೇಚನೆ ತೋರಿಲ್ಲ. ಅವಳನ್ನು ಸ್ಟೋರಿಗೆ ಹಾಕಿದರು, ಬಲ್ಬು ಮತ್ತು ಪೊರಕೆ ಎಣಿಸಿ ಕೊಡುವ ಕೆಲಸ. ಎರಡನೇ ಬೀಗ ತೆಗೆಸಿದರು. ನಲವತ್ತೆಂಟು ಗಂಟೆಯನ್ನು ಹನ್ನೆರಡಕ್ಕೆ ಇಳಿಸಿದರು. ಕಾಯಿಸುವಾಗ ಬರುವ ಹುಚ್ಚು ಅಂಕಿಗಳನ್ನು ಸರಿಪಡಿಸಿಕೊಳ್ಳುವ ಹೊಸ ಪ್ರೋಗ್ರಾಮು ಬಂದಿದೆ, ಇನ್ನು ಮೇಲೆ ಅಷ್ಟು ಹೊತ್ತು ಬೇಕಿಲ್ಲ ಎಂದು ಅಮರೇಗೌಡರು ಜನರಿಗೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಆ ಪ್ರೋಗ್ರಾಮು ಮಾಡುವುದು ಇಷ್ಟೇ ಎಂದು ಹುಲಿಗೆಮ್ಮನಿಗೆ ಖಾಜಾಸಾಬ ಹೇಳಿದ: ಹನ್ನೆರಡನೇ ಗಂಟೆಯಲ್ಲಿ ಇರುವ ಗಾಳಿಯನ್ನೇ ಸೊನ್ನೆ ಎಂದು ಹಿಡಿಯುತ್ತದೆ.

ಅವಳು ಪತ್ರ ಬರೆದಳು. ಸ್ಟೋರಿನವರು ಡಿಟೆಕ್ಟರಿನ ವಿಷಯಕ್ಕೆ ಬರೆಯುವ ಅಧಿಕಾರ ಹೊಂದಿಲ್ಲ ಎಂದು ಉತ್ತರ ಬಂತು. ಊರವರಿಗೆ ಹೇಳಲು ಹೋದಳು. ಕಟ್ಟೆಯ ಮೇಲೆ ಕೂತವರು ಎದ್ದು ಹೋದರು. ಒಬ್ಬ ಮುದುಕಿ ಮಾತ್ರ ಕೂತು ಕೇಳಿ, "ಇನ್ನೂ ಎಷ್ಟ್ ಮಂದಿ ಬೇಕವಾ ನಿನಗ?" ಅಂದಳು.

ಮುಂದಿನ ಬೇಸಿಗೆ ಬಂತು. ಬೆಳಿಗ್ಗೆ ಆರಕ್ಕೆ ಮೂಗುಗಳಿಗೆ ಕರೆಂಟು ಕೊಟ್ಟು, ಸಂಜೆ ಆರಕ್ಕೆ ಬಾಗಿಲು ತೆರೆದರು. ಡೋಲು ಬಾರಿಸಿ, ಪೇಢಾ ಹಂಚಿ ಜನರನ್ನು ಇಳಿಸಿದರು. ಸುನಂದಾ ಟ್ರಂಕು ಹೊತ್ತು, ಮಿನ್ನಿಯ ಕೈ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅಜ್ಜಿ ಸತ್ತ ಮೇಲೆ ಅವಳು ತಾಯಿಯೊಂದಿಗೆ ಅಡಿಗೆಯ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

"ಮಗೀನ ಒಂದೂವರಿ ದಿನ ನನ್ನ ಕೂಡ ಹೊರಗ ಬಿಡು," ಅಂದಳು ಹುಲಿಗೆಮ್ಮ. "ಅಷ್ಟಾ. ಆಮ್ಯಾಲ ನಾನಾ ಕರ್ಕೊಂಡು ಬರ್ತೀನಿ."

"ಹೊರಗ ಬಿಟ್ಟು ಒಬ್ಬಾಕಿನ ಕಳ್ಕೊಂಡೀನಿ," ಅಂದು ಸುನಂದಾ ಮಗುವನ್ನು ಎತ್ತಿಕೊಂಡು ಇಳಿದುಹೋದಳು.

ಹುಲಿಗೆಮ್ಮ ಒಬ್ಬಳೇ ಚಪ್ಪರದ ಕೆಳಗೆ ಉಳಿದಳು. ನಲವತ್ತೆಂಟರಲ್ಲಿ ಉಳಿದ ಮೂವತ್ತಾರು ಗಂಟೆ ಹೊರಗೇ ಇರುತ್ತೇನೆ ಎಂದು ತೀರ್ಮಾನಿಸಿದ್ದಳು. ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ತಗಡು ಕಾದು ಟಕಟಕ ಅನ್ನತೊಡಗಿತು. ಅವಳು ಒದ್ದೆ ಸೆರಗು ತಲೆಗೆ ಹೊದ್ದು, ಬಾಗಿಲಿಗೆ ಕಿವಿಗೊಟ್ಟು ಕೂತಿದ್ದಳು. ಒಳಗಿಂದ ಪಾತ್ರೆಯ ಸದ್ದು, ಯಾರೋ ನಗುವುದು, ರೇಡಿಯೋ. ಪ್ರತಿ ಸಲ ಒಳಗೆ ಒಂದು ಕ್ಷಣ ಸದ್ದು ನಿಂತಾಗ ಅವಳ ಎದೆ ಹಾರುತ್ತಿತ್ತು. ಈಗ ಚೀರುತ್ತಾರೆ, ಈಗ ಓಡಿಬರುತ್ತಾರೆ. ಸದ್ದು ಮತ್ತೆ ಶುರುವಾದಾಗ ಮೈ ಇಳಿಬೀಳುತ್ತಿತ್ತು. ಹಾಗೆ ಆರೇಳು ಸಲ ಆಯಿತು.

ಆಮೇಲೆ ಅವಳಿಗೆ ತಿಳಿಯಿತು. ಎದೆ ಹಾರುತ್ತಿದ್ದುದು ಹೆದರಿಕೆಗಲ್ಲ. ಒಳಗೆ ಗ್ಯಾಸು ಬರಲಿ ಎಂದು ಅವಳು ಕಾಯುತ್ತಿದ್ದಳು. ಒಬ್ಬರಾದರೂ ಬೀಳಲಿ, ಒಬ್ಬರಾದರೂ ಬಂದು, ಹುಲಿಗೆಮ್ಮ, ನೀ ಹೇಳಿದ್ದು ಖರೆ ಇತ್ತು ಅನ್ನಲಿ ಎಂದು. ಒಳಗೆ ಮಿನ್ನಿ ಇತ್ತು. ಮಿನ್ನಿ ಒಳಗಿದೆ ಎಂಬುದು ಗೊತ್ತಿದ್ದೂ ಕಾಯುತ್ತಿದ್ದಳು.

ಅವಳು ಗೋಡೆ ಹಿಡಿದು ಎದ್ದಳು. ಕಾಲು ಜೋಮು ಹಿಡಿದಿತ್ತು. ಬಾಗಿಲ ಕಾವಲಿನವನು ನಕ್ಕು, "ಸೆಕಿ ತಡಿಲಿಲ್ಲೇನವ್ವ?" ಅಂದ. ಅವಳು ಹೌದೆಂದು ತಲೆಯಾಡಿಸಿ ಒಳಗಿಳಿದಳು.

ಎರಡನೇ ಸುರಂಗದಲ್ಲಿ ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಮಿನ್ನಿ ಗೋಡೆಯ ಬದಿಗೆ ನಿದ್ದೆ ಹೋಗಿತ್ತು. ಹುಲಿಗೆಮ್ಮ ಬಂದು ನಿಂತದ್ದನ್ನು ನೋಡಿಯೂ ಸುನಂದಾ ಚಾಪೆ ಸರಿಸಲಿಲ್ಲ. ಹುಲಿಗೆಮ್ಮ ಬರಿ ಕಲ್ಲಿನ ಮೇಲೆ, ಮಗುವಿನ ತಲೆದೆಸೆಗೆ ಕೂತಳು. ಗೋಡೆಯಲ್ಲಿ ಮೂಗಿನ ಹಸಿರು ದೀಪ ಉರಿಯುತ್ತಿತ್ತು. ಅದು ಏನೂ ಹೇಳುತ್ತಿಲ್ಲ ಎಂಬುದು ಆ ಸುರಂಗದಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಬಗ್ಗಿ ತನ್ನ ಕೆನ್ನೆಯನ್ನು ಮಿನ್ನಿಯ ಬಾಯಿಯ ಹತ್ತಿರ ಹಿಡಿದು, ಉಸಿರು ತಾಗುತ್ತದೋ ಇಲ್ಲವೋ ಎಂದು ಎಣಿಸತೊಡಗಿದಳು.